ಹಸಿ ಕಸ ಮನೆ ದಾಟಿದ ಮೇಲೆ

ಬೆಂಗಳೂರಿನ ಕಸದ ಬಗ್ಗೆ ಮಾತು ಎದ್ದಾಗಲೆಲ್ಲ ಅದು ಎರಡು ತುದಿಗಳಲ್ಲಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ಜನ ಕಸ ಬೇರ್ಪಡಿಸಿ ಕೊಡುವುದಿಲ್ಲ ಎಂಬ ದೂರು ಒಂದು ತುದಿ. ಕಸ ಸುರಿಯಲು ಇನ್ನು ಜಾಗ ಉಳಿದಿಲ್ಲ ಎಂಬ ಆತಂಕ ಇನ್ನೊಂದು. ಅಡುಗೆಮನೆಯ ಡಬ್ಬಿಯಿಂದ ಹೊರಬಿದ್ದ ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಟೀ ಚರಟ ಯಾವ ಗಾಡಿಯಿಂದ ಯಾವ ಗಾಡಿಗೆ ಬೀಳುತ್ತವೆ, ಅವನ್ನು ಹೊರುವವರಿಗೆ ಯಾವ ಲೆಕ್ಕದಲ್ಲಿ ಹಣ ಸಂದಾಯವಾಗುತ್ತದೆ, ಕೊನೆಗೆ ತಯಾರಾದ ಗೊಬ್ಬರವನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆಗಳಿಗೆ ಸಾರ್ವಜನಿಕ ಚರ್ಚೆಯಲ್ಲಿ ಸಿಕ್ಕಿರುವ ಜಾಗ ಬಹಳ ಕಡಿಮೆ. ಹಸಿ ಕಸದ ಪ್ರತ್ಯೇಕ ಸಂಗ್ರಹವನ್ನು ಇನ್ನಷ್ಟು ಮನೆಗಳಿಗೆ ವಿಸ್ತರಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಮನೆಬಾಗಿಲಿನ ಸಂಗ್ರಹ ಹೆಚ್ಚಿದ ಮಾತ್ರಕ್ಕೆ, ನಗರ ತನ್ನ ಕಸ ಸುರಿಯುವ ಹೊರವಲಯದ ಕಲ್ಲು ಕ್ವಾರಿಗಳನ್ನು ಸೇರುವ ಕಸ ತಾನಾಗಿ ಇಳಿಯುವುದಿಲ್ಲ. ಕಳೆದ ಹದಿನೈದು ವರ್ಷಗಳ ಬೆಂಗಳೂರಿನ ಅನುಭವವನ್ನು ಕ್ರಮವಾಗಿ ನೋಡಿದರೆ ಕೊಂಡಿ ಕಳಚಿಕೊಂಡಿರುವುದು ಮನೆಯಲ್ಲಿ ಅಲ್ಲ, ಮನೆಯಾಚೆಗಿನ ನಡುದಾರಿಯಲ್ಲಿ ಎಂಬುದು ಕಾಣಿಸುತ್ತದೆ.

ಹಸಿ ಕಸಕ್ಕೇ ಇಷ್ಟು ಮಹತ್ವ ಏಕೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ನಗರಗಳ ಮನೆಗಸದಲ್ಲಿ ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊಳೆಯುವ ವಸ್ತುವಿನದ್ದು. ಪ್ಯಾಕೆಟ್ ಆಹಾರ ಹೆಚ್ಚಿರುವ ದೇಶಗಳಿಗಿಂತ ತಾಜಾ ತರಕಾರಿ ತಂದು ದಿನವೂ ಅಡುಗೆ ಮಾಡುವ ನಮ್ಮಲ್ಲಿ ಈ ಪಾಲು ಸಹಜವಾಗಿಯೇ ದೊಡ್ಡದು, ಅದರ ನೀರಿನಂಶವೂ ಹೆಚ್ಚು. ಈ ಒದ್ದೆ ವಸ್ತು ಪ್ಲಾಸ್ಟಿಕ್ ಕವರ್, ಡೈಪರ್, ಕಾಗದ, ಗಾಜುಗಳ ಜೊತೆ ಬೆರೆತು ಆಳವಾದ ಗುಂಡಿಯಲ್ಲಿ ಗಾಳಿಯಾಡದಂತೆ ಅದುಮಿ ಬಿದ್ದಾಗ ಎರಡು ಕೆಲಸಗಳು ನಡೆಯುತ್ತವೆ. ಮೊದಲನೆಯದಾಗಿ, ಆಮ್ಲಜನಕ ಸಿಗದ ಸೂಕ್ಷ್ಮಜೀವಿಗಳು ಅದನ್ನು ಒಡೆಯುವಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಅವಧಿಯನ್ನು ಲೆಕ್ಕ ಹಿಡಿದರೆ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಅದು ಸುಮಾರು 80 ಪಟ್ಟು. ಕಸದ ಗುಡ್ಡಗಳಿಗೆ ಬೆಂಕಿ ಬಿದ್ದರೆ ದಿನಗಟ್ಟಲೆ ಆರದಿರುವುದಕ್ಕೂ ಇದೇ ಕಾರಣ. ಎರಡನೆಯದಾಗಿ, ಕಸದೊಳಗಿನ ನೀರು ಮತ್ತು ಮಳೆನೀರು ಸೇರಿ ಲೀಚೇಟ್ ಎನ್ನುವ ಕಪ್ಪು ಕೊಳೆನೀರಾಗಿ ಕೆಳಗಿಳಿಯುತ್ತದೆ. ಬಣ್ಣ, ಬ್ಯಾಟರಿ, ಬಲ್ಬುಗಳ ವಿಷವನ್ನು ತೊಳೆದುಕೊಂಡು ಅಂತರ್ಜಲಕ್ಕೆ, ಕೆರೆಗೆ, ಬಾವಿಗೆ ಸಾಗಿಸುವುದು ಈ ನೀರೇ. ಒಣ ಕಸ ಮಾತ್ರವೇ ಬಿದ್ದ ಗುಂಡಿಯೂ ಕುರೂಪವೇ, ಆದರೆ ಅದು ನಾರುವುದಿಲ್ಲ, ಸೋರುವುದಿಲ್ಲ, ಉಕ್ಕುವುದಿಲ್ಲ. ಡಂಪಿಂಗ್ ಯಾರ್ಡನ್ನು ಊರಿನ ಪಾಲಿಗೆ ಶಾಪವಾಗಿಸುವುದು ಅದರೊಳಗಿನ ಹಸಿ ಭಾಗ.

ಇದು ಕೇವಲ ಪುಸ್ತಕದ ರಸಾಯನಶಾಸ್ತ್ರವಲ್ಲ ಎಂಬುದಕ್ಕೆ ಮಂಗಳೂರಿನ ಪಚ್ಚನಾಡಿ ಸಾಕ್ಷಿ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ರಾಶಿ ನೀರು ಕುಡಿದು ಭಾರವಾಗಿ, ಇಳಿಜಾರಿನಲ್ಲಿ ಜಾರಿ, ಕೆಳಗಿದ್ದ ಮಂದಾರ ಪ್ರದೇಶದ ಮನೆಗಳ ಹಾಗೂ ಅಡಿಕೆ, ತೆಂಗಿನ ತೋಟಗಳ ಮೇಲೆ ಹರಿಯಿತು. ತಲೆಮಾರುಗಳಿಂದ ಅಲ್ಲಿದ್ದ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಭೂಕುಸಿತದ ಸುದ್ದಿ ಕರಾವಳಿಗೆ ಹೊಸದಲ್ಲ, ಆದರೆ ಕುಸಿದದ್ದು ಮಣ್ಣಲ್ಲ, ನಗರದ ಅಡುಗೆಮನೆಗಳಿಂದ ಹೋದ ಕಸ.

ಬೆಂಗಳೂರಿನ ಕಥೆ ಇಷ್ಟು ದಿಢೀರನೆ ನಡೆದದ್ದಲ್ಲ; ಅದು ಊರಿಂದ ಊರಿಗೆ ನಿಧಾನವಾಗಿ ಸಾಗಿದೆ. ಯಲಹಂಕದ ಆಚೆಯ ಮಾವಳ್ಳಿಪುರದ ಘಟಕ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ 2012ರಲ್ಲಿ ಮುಚ್ಚಿದಾಗ ಅಲ್ಲಿಗೆ ಹೋಗುತ್ತಿದ್ದ ಕಸವೂ ಮಂಡೂರಿನ ಡಂಪಿಂಗ್ ಯಾರ್ಡಿನತ್ತ ತಿರುಗಿತು. ಮಂಡೂರಿನವರು ರಸ್ತೆಗಿಳಿದು ಲಾರಿಗಳನ್ನು ತಡೆದಾಗ ನಗರದ ಬೀದಿಗಳಲ್ಲಿ ಕಸ ರಾಶಿ ಬಿದ್ದು, ‘ಉದ್ಯಾನ ನಗರಿ’ಯ ಕೊಳಕು ದೇಶ ವಿದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. 2014ರಲ್ಲಿ ಮತ್ತೆ ಹೋರಾಟ ಜೋರಾಗಿ, ಆ ವರ್ಷದ ಡಿಸೆಂಬರ್ 1ರಿಂದ ಮಂಡೂರಿಗೆ ಕಸ ಕಳಿಸುವುದನ್ನು ಸರ್ಕಾರ ನಿಲ್ಲಿಸಿತು. ಅಲ್ಲಿಂದ ಮುಂದೆ ನಗರದ ಉತ್ತರದ ಕಲ್ಲು ಕ್ವಾರಿಗಳ ಸರದಿ: ಬಾಗಲೂರು, ಬೆಳ್ಳಹಳ್ಳಿ, ಈಗ ಮಿಟ್ಟಗಾನಹಳ್ಳಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿಯ ಜನರೂ ತಮ್ಮ ಪಾಲಿನ ಧರಣಿ ನಡೆಸಿದರು. 2025ರ ಮಾರ್ಚ್‌ನಲ್ಲಿ ಮಿಟ್ಟಗಾನಹಳ್ಳಿ, ಕಣ್ಣೂರು ಭಾಗದವರ ವಿರೋಧದಿಂದ ಕಸದ ಲಾರಿಗಳು ಸಾಲುಗಟ್ಟಿ ನಿಂತಾಗ ನಗರ 2012ರಲ್ಲಿ ಎಲ್ಲಿತ್ತೋ ಅಲ್ಲೇ ಇದ್ದಂತೆ ಕಂಡಿತು. ಬದಲಾದದ್ದು ಊರಿನ ಹೆಸರು ಮಾತ್ರ.

ಹಾಗೆಂದು ಈ ನಡುವೆ ಏನೂ ಆಗಿಲ್ಲ ಎಂದರೆ ಅನ್ಯಾಯವಾದೀತು. 2012ರ ಅಕ್ಟೋಬರ್ 1ರಿಂದಲೇ ಮೂಲದಲ್ಲಿ ವಿಂಗಡಣೆಯನ್ನು ಪಾಲಿಕೆ ಕಡ್ಡಾಯ ಮಾಡಿತು. ಕಸಕ್ಕೆ ಸಂಬಂಧಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳನ್ನು ವರ್ಷಗಟ್ಟಲೆ ಬೆನ್ನು ಹಿಡಿದು ವಿಚಾರಣೆ ನಡೆಸಿದ ರಾಜ್ಯ ಹೈಕೋರ್ಟ್, 2015ರ ಡಿಸೆಂಬರ್‌ನಲ್ಲಿ ಎರಡು ಡಬ್ಬಿ, ಒಂದು ಚೀಲದ ಪದ್ಧತಿಗೆ ನ್ಯಾಯಾಂಗದ ಮುದ್ರೆ ಒತ್ತಿತು: ಹಸಿರು ಡಬ್ಬಿಯಲ್ಲಿ ಹಸಿ ಕಸ, ಕೆಂಪು ಡಬ್ಬಿಯಲ್ಲಿ ಸ್ಯಾನಿಟರಿ ಕಸ, ಚೀಲದಲ್ಲಿ ಒಣ ಕಸ. ಮರುವರ್ಷ ಬಂದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಂಗಡಣೆಯನ್ನು ದೇಶಕ್ಕೆಲ್ಲ ಅನ್ವಯಿಸಿದವು. ವಾರ್ಡ್ ಮಟ್ಟದ ಒಣ ಕಸ ಸಂಗ್ರಹ ಕೇಂದ್ರಗಳು ಬಂದವು. ಅವುಗಳಲ್ಲಿ ಹಲವನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ಎಂಬುದು ಬೆಂಗಳೂರು ಹೆಮ್ಮೆಪಡಬಹುದಾದ ಸಂಗತಿ. ಒಣ ಕಸಕ್ಕೆ ಗುಜರಿಯ ಬೆಲೆ ಇದೆ, ಕೊಳ್ಳುವವರಿದ್ದಾರೆ, ಒಂದು ವಾರ ಇಟ್ಟರೂ ಕೆಡುವುದಿಲ್ಲ. ಆದ್ದರಿಂದ ಆ ಹೊಳೆ ತನ್ನ ಪಾತ್ರವನ್ನು ತಾನೇ ಕೊರೆದುಕೊಂಡಿತು. ಹಸಿ ಕಸಕ್ಕೆ ಈ ಮೂರೂ ಅನುಕೂಲಗಳಿಲ್ಲ.

ಅದರ ಪ್ರಯಾಣವನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಸರಾಸರಿ 750 ಮನೆಗಳಿಗೆ ಒಂದು ಆಟೊ ಟಿಪ್ಪರ್ ಎಂಬುದು ಬೆಂಗಳೂರಿನ ರೂಢಿಯ ಲೆಕ್ಕ. ಚಾಲಕನೊಬ್ಬ, ಸಹಾಯಕನೊಬ್ಬ, ಬೆಳಗಿನ ಕೆಲವು ಗಂಟೆಗಳು. ಮನೆಯವರು ಡಬ್ಬಿ ತಂದು ಕೊಟ್ಟಾಗ ಅದರೊಳಗೆ ಏನಿದೆ ಎಂದು ನೋಡಿ, ಬೆರಕೆ ಇದ್ದರೆ ವಾಪಸ್ ಕೊಟ್ಟು, ವಾದಿಸಿ, ಮುಂದಿನ ಮನೆಗೆ ಹೋಗಲು ಪ್ರತಿ ಮನೆಗೆ ಅವರ ಬಳಿ ಅರ್ಧ ನಿಮಿಷವೂ ಇರುವುದಿಲ್ಲ. ನೂರು ಮನೆಗಳಲ್ಲಿ ತೊಂಬತ್ತು ಸರಿಯಾಗಿ ಬೇರ್ಪಡಿಸಿ, ಹತ್ತು ಮನೆಗಳು ಮಾತ್ರ ಎಲ್ಲವನ್ನೂ ಕಟ್ಟಿದ ಒಂದು ಪ್ಲಾಸ್ಟಿಕ್ ಕವರ್ ಎಸೆದರೂ, ಅದು ಒಂದೇ ತೊಟ್ಟಿಗೆ ಬಿದ್ದರೆ ಆ ದಿನದ ಇಡೀ ಗಾಡಿ ಬೆರಕೆ ಕಸವೇ. ತೊಂಬತ್ತು ಮನೆಗಳ ಶ್ರಮವನ್ನು ಹತ್ತು ಮನೆಗಳು ಅಳಿಸಿಹಾಕುವ ಈ ಗಣಿತವೇ ಹಸಿ ಕಸದ ವಿಂಗಡಣೆಯ ಅತಿ ದೊಡ್ಡ ಕಷ್ಟ. ಶೇಕಡಾ ಇಷ್ಟು ಮನೆಗಳು ವಿಂಗಡಿಸುತ್ತಿವೆ ಎಂಬ ಅಂಕಿ ಕೇಳಲು ಎಷ್ಟೇ ಚೆನ್ನಾಗಿದ್ದರೂ, ಘಟಕದ ಗೇಟಿಗೆ ಬಂದ ಗಾಡಿಯಲ್ಲಿ ಶೇಕಡಾ ಎಷ್ಟು ಬೆರಕೆ ಇದೆ ಎಂಬ ಅಂಕಿಯೇ ನಿಜವಾದ ಫಲಿತಾಂಶ. ಮೊದಲನೆಯದನ್ನು ಪ್ರಕಟಿಸುವ ಉತ್ಸಾಹ ಎರಡನೆಯದರ ಬಗ್ಗೆ ಕಾಣುವುದಿಲ್ಲ.

ಆಟೊದಿಂದ ಕಸ ಕಾಂಪ್ಯಾಕ್ಟರ್‌ಗೆ ಹೋಗುತ್ತದೆ. ರಸ್ತೆ ಬದಿಯಲ್ಲಿ, ಆಟದ ಮೈದಾನದ ಪಕ್ಕದಲ್ಲಿ, ಕೆಲವೊಮ್ಮೆ ಶಾಲೆಯ ಗೋಡೆಯ ಬಳಿ ನಡೆಯುವ ಈ ವರ್ಗಾವಣೆಯಲ್ಲಿ ಹಲವು ಆಟೊಗಳ ಕಸ ಒಂದಾಗುತ್ತದೆ. ಕಾಂಪ್ಯಾಕ್ಟರ್ ಎಂಬುದು ಮೂಲತಃ ಹಗುರವಾದ, ಗಾಳಿ ತುಂಬಿದ ಕಸವನ್ನು ಅದುಮಿ ಹೆಚ್ಚು ತುಂಬಿಸಲು ರೂಪಿಸಿದ ಯಂತ್ರ. ನೀರು ತುಂಬಿದ ಹಸಿ ಕಸವನ್ನು ಅದರಲ್ಲಿ ಅದುಮಿದರೆ ಆಗುವುದು ಹಿಂಡುವಿಕೆ ಮಾತ್ರ, ಮತ್ತು ಹಿಂಡಿದ ರಸ ದಾರಿಯುದ್ದಕ್ಕೂ ಸುರಿಯುತ್ತ ಹೋಗುತ್ತದೆ. ಬೆಳಗ್ಗೆ ಬೈಕಿನಲ್ಲಿ ಹೋಗುವವರು ಜಾರಿ ಬಿದ್ದ ಮೇಲೆಯೇ ಈ ವಿಷಯ ಸುದ್ದಿಯಾಗುತ್ತದೆ. ಇಷ್ಟು ಹೊತ್ತಿಗೆ ಕಸ ಒಂದು ದಿನ ಹಳೆಯದಾಗಿ ಗಾಳಿಯಿಲ್ಲದೆ ಕೊಳೆಯಲು ಆರಂಭಿಸಿರುತ್ತದೆ. ಗೊಬ್ಬರದ ಘಟಕಕ್ಕೆ ಅದು ತಲುಪುವಾಗಲೇ ನಾರುತ್ತಿರುತ್ತದೆ.

ಇದರ ಹಿಂದಿನ ಹಣದ ಲೆಕ್ಕವನ್ನು ಬಿಟ್ಟು ಮಾತಾಡಿದರೆ ಚರ್ಚೆ ಅರ್ಧವೇ ಆದೀತು. ಕಸ ಸಾಗಣೆಯ ಗುತ್ತಿಗೆಗಳು ಸಾಂಪ್ರದಾಯಿಕವಾಗಿ ನಿಂತಿರುವುದು ಗಾಡಿಗಳ ಸಂಖ್ಯೆ, ಟ್ರಿಪ್‌ಗಳು ಮತ್ತು ಸಾಗಿಸಿದ ತೂಕದ ಮೇಲೆ. ತೂಕಕ್ಕೆ ಹಣ ಕೊಡುವ ಪದ್ಧತಿಯಲ್ಲಿ ನೀರು ತುಂಬಿದ ಬೆರಕೆ ಕಸ ಗುತ್ತಿಗೆದಾರನಿಗೆ ಲಾಭವೇ ಹೊರತು ನಷ್ಟವಲ್ಲ. ಶುದ್ಧ ಹಸಿ ಕಸವನ್ನು ಬೇರೆಯಾಗಿ ಒಯ್ದರೆ ಅವನಿಗೆ ಹೆಚ್ಚುವರಿ ಗಾಡಿ, ಹೆಚ್ಚುವರಿ ಡೀಸೆಲ್, ಹೆಚ್ಚುವರಿ ಸಮಯ ಬೇಕು. ಅದಕ್ಕೆ ತಕ್ಕ ಪ್ರತಿಫಲ ಕರಾರಿನಲ್ಲಿ ಇಲ್ಲ. ಬೀದಿ ಗುಡಿಸುವ ಪೌರಕಾರ್ಮಿಕರ ಕಾಯಮಾತಿ ಹೋರಾಟ ಇತ್ತೀಚಿನ ವರ್ಷಗಳಲ್ಲಿ ಫಲ ಕಂಡಿದೆ, ಅದು ನ್ಯಾಯವೂ ಹೌದು. ಆದರೆ ವಿಂಗಡಣೆಯ ಯಶಸ್ಸು ನಿಂತಿರುವುದು ಆಟೊ ಚಾಲಕ ಮತ್ತು ಸಹಾಯಕರ ಮೇಲೆ, ಅವರು ಬಹುಪಾಲು ಗುತ್ತಿಗೆದಾರನ ಕೈಕೆಳಗೇ ದುಡಿದವರು. ಬೆರಕೆ ಕಸವನ್ನು ನಿರಾಕರಿಸಿ ಮನೆಯ ಯಜಮಾನರಿಂದ ಬೈಸಿಕೊಳ್ಳುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಮನೆಯವರ ಪಾಲಿನ ಹೊಣೆಯನ್ನು ತಗ್ಗಿಸುವ ಉದ್ದೇಶ ಇಲ್ಲಿಲ್ಲ. ಆದರೂ ‘ಜನ’ ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಸೇರಿಸುವುದು ತಪ್ಪು ನಿರ್ಣಯಗಳಿಗೆ ಎಡೆಮಾಡುತ್ತದೆ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಕಸ ನೋಡಿಕೊಳ್ಳುವ ಸಿಬ್ಬಂದಿ ಇರುತ್ತಾರೆ, ಅಲ್ಲಿ ವಿಂಗಡಣೆ ಸಾಮಾನ್ಯವಾಗಿ ಚೆನ್ನಾಗಿದೆ. ಸ್ವಂತ ಮನೆಗಳ ಹಳೆಯ ಬಡಾವಣೆಗಳೂ ತಕ್ಕಮಟ್ಟಿಗೆ ಪಳಗಿವೆ. ತೊಡಕು ಇರುವುದು ಒಂದೇ ಕಟ್ಟಡದಲ್ಲಿ ಎಂಟು ಹತ್ತು ಸಣ್ಣ ಬಾಡಿಗೆ ಮನೆಗಳಿರುವ ಬೀದಿಗಳಲ್ಲಿ, ಪಿಜಿಗಳಲ್ಲಿ, ಗಾಡಿ ಬರುವ ಮೊದಲೇ ಗಾರ್ಮೆಂಟ್ಸ್‌ಗೋ ಕಟ್ಟಡ ಕೆಲಸಕ್ಕೋ ಹೊರಡುವವರ ಮನೆಗಳಲ್ಲಿ. ಎರಡು ಡಬ್ಬಿ ಇಡಲು ಜಾಗವಿಲ್ಲದ, ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯಲು ಯಾರೂ ಇಲ್ಲದ ಮನೆಯ ಕಸ ಸಂಜೆ ಮೂಲೆಯ ಬ್ಲಾಕ್‌ಸ್ಪಾಟ್, ಅಂದರೆ ಜನ ಕದ್ದು ಕಸ ಎಸೆಯುವ ಜಾಗ, ಸೇರುವುದರಲ್ಲಿ ಆಶ್ಚರ್ಯವೇನಿದೆ? 2025ರ ಅಕ್ಟೋಬರ್ ಕೊನೆಗೆ ರಸ್ತೆಯಲ್ಲಿ ಕಸ ಎಸೆದವರನ್ನು ಗುರುತಿಸಿ, ಅವರ ಮನೆ ಮುಂದೆಯೇ ಕಸ ಸುರಿದು ದಂಡ ಹಾಕುವ ಕಾರ್ಯಾಚರಣೆ ನಡೆಯಿತು. ವಿಡಿಯೊಗಳು ಹರಿದಾಡಿದವು, ಹಲವರು ಚಪ್ಪಾಳೆ ತಟ್ಟಿದರು. ಭಯಕ್ಕೆ ಅದರದೇ ಆದ ಉಪಯೋಗವಿದೆ ಎಂದು ಒಪ್ಪಿದರೂ, ಅದೇ ಬೀದಿಗೆ ಸಂಜೆಯ ಒಂದು ಪಾಳಿಯಲ್ಲಿ ಗಾಡಿ ಕಳಿಸುವುದು ಹೆಚ್ಚು ಅಗ್ಗದ, ಹೆಚ್ಚು ಕಾಲ ಬಾಳುವ ಪರಿಹಾರ ಎಂಬುದು ನನ್ನ ಅಭಿಪ್ರಾಯ.

ಈಗ ಘಟಕಗಳ ವಿಷಯಕ್ಕೆ ಬರೋಣ, ಏಕೆಂದರೆ ಹಸಿ ಕಸದ ರಾಜಕೀಯವೆಲ್ಲ ಅಲ್ಲೇ ಇದೆ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದು 1975ರಲ್ಲಿ. ನಗರದ ಕಸವನ್ನು ಗೊಬ್ಬರ ಮಾಡಿ ರೈತರಿಗೆ ಕೊಡುವ ಆಲೋಚನೆ ಬೆಂಗಳೂರಿಗೆ ಅಷ್ಟು ಹಳೆಯದು. ಅದರ ಘಟಕ ಕೂಡ್ಲು ಬಳಿ ಕೆಲಸ ಮಾಡತೊಡಗಿದಾಗ ಸುತ್ತ ಹೊಲ, ಕೆರೆಗಳಿದ್ದವು. ನಂತರ ನಗರ ತಾನೇ ನಡೆದುಕೊಂಡು ಬಂದು ಅದರ ಪಕ್ಕದಲ್ಲಿ ಎಚ್‌ಎಸ್‌ಆರ್ ಬಡಾವಣೆಯಾಗಿ, ಅಪಾರ್ಟ್‌ಮೆಂಟ್‌ಗಳಾಗಿ ನಿಂತಿತು. ಈಗ ವಾಸನೆಯ ದೂರು ನ್ಯಾಯಪೀಠಗಳವರೆಗೆ ಹೋಗಿದೆ. 2012ರ ಬಿಕ್ಕಟ್ಟಿನ ನಂತರ ಪಾಲಿಕೆ ಕನ್ನಹಳ್ಳಿ, ಸೀಗೇಹಳ್ಳಿ, ದೊಡ್ಡಬಿದರಕಲ್ಲು, ಲಿಂಗಧೀರನಹಳ್ಳಿ, ಸುಬ್ಬರಾಯನಪಾಳ್ಯ, ಚಿಕ್ಕನಾಗಮಂಗಲಗಳಲ್ಲಿ ಘಟಕಗಳನ್ನು ಕಟ್ಟಿತು. ಇವುಗಳಲ್ಲಿ ಹಲವು ಕಡೆ ನೆರೆಯವರ ಪ್ರತಿಭಟನೆ, ಮೊಕದ್ದಮೆ, ಬೀಗ, ಮತ್ತೆ ಆರಂಭ ಎಂಬ ಸರಣಿ ನಡೆಯಿತು. ಲಿಂಗಧೀರನಹಳ್ಳಿಯ ಘಟಕ ಮುಚ್ಚಿಯೇ ಹೋಯಿತು.

ಈ ವಿರೋಧವನ್ನು ‘ನಮ್ಮ ಊರಿನಲ್ಲಿ ಬೇಡ, ಬೇರೆ ಊರಿನಲ್ಲಿ ಆಗಲಿ’ ಎನ್ನುವ ಸ್ವಾರ್ಥ ಎಂದು ತಳ್ಳಿಹಾಕುವುದು ಸುಲಭ. ಆದರೆ ವಾಸನೆಯ ಮೂಲವನ್ನು ಅರ್ಥಮಾಡಿಕೊಂಡರೆ ಚಿತ್ರ ಬೇರೆಯಾಗುತ್ತದೆ. ಸರಿಯಾಗಿ ನಡೆಯುವ ಗೊಬ್ಬರದ ರಾಶಿ ನಾರುವುದಿಲ್ಲ. ಸೊಪ್ಪು ಸಿಪ್ಪೆಯ ಜೊತೆಗೆ ಒಣ ಎಲೆ, ಮರದ ಪುಡಿಯಂಥ ಇಂಗಾಲದ ವಸ್ತು ಸೇರಿ, ಇಂಗಾಲ ಸಾರಜನಕಗಳ ಅನುಪಾತ 30ಕ್ಕೆ 1ರ ಸುತ್ತ ಇದ್ದು, ರಾಶಿಯನ್ನು ಆಗಾಗ ತಿರುವಿ ಹಾಕಿ ಗಾಳಿ ಕೊಟ್ಟರೆ ಒಳಗಿನ ಶಾಖ 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಆ ಶಾಖದಲ್ಲಿ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಕೆಲವು ವಾರಗಳಲ್ಲಿ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಪ್ಲಾಸ್ಟಿಕ್ ತುಂಬಿದ, ಹಿಂಡಿ ಹಿಸುಕಿದ, ಒಂದು ದಿನ ಹಳೆಯ ಬೆರಕೆ ಕಸ ಬಂದಾಗ ಗಾಳಿ ಒಳಗೆ ಹೋಗುವುದಿಲ್ಲ. ಘಟಕಕ್ಕೆ ತನ್ನ ಸಾಮರ್ಥ್ಯ ಮೀರಿ ಕಸ ಬಂದಾಗ ತಿರುವಲು ಜಾಗವೂ ಇರುವುದಿಲ್ಲ, ಕೊಳೆನೀರು ಸೋರಿ ಹೋಗಲು ಚರಂಡಿಯೂ ಸಾಲುವುದಿಲ್ಲ. ಗೊಬ್ಬರದ ಘಟಕ ಎಂದು ಬೋರ್ಡು ಹಾಕಿದ ಜಾಗ ವಾಸ್ತವದಲ್ಲಿ ಇನ್ನೊಂದು ಡಂಪಿಂಗ್ ಯಾರ್ಡ್ ಆಗುತ್ತದೆ. ಒಂದು ಘಟಕ ಮುಚ್ಚಿದರೆ ಅದರ ಪಾಲಿನ ಕಸ ಉಳಿದ ಘಟಕಗಳಿಗೆ ಹೋಗಿ ಅವೂ ಸಾಮರ್ಥ್ಯ ಮೀರುತ್ತವೆ, ಅಲ್ಲಿಯೂ ನೆರೆಯವರು ಬೀದಿಗಿಳಿಯುತ್ತಾರೆ. ಈ ವೃತ್ತದಲ್ಲಿ ನೆರೆಯ ಊರಿನವರು ಮೋಸ ಹೋದವರು, ಮೋಸ ಮಾಡಿದವರಲ್ಲ. ಅವರಿಗೆ ಗೊಬ್ಬರ ಘಟಕದ ಮಾತು ಕೊಟ್ಟು ತಂದು ಸುರಿದದ್ದು ಬೆರಕೆ ಕಸ.

ಬಯೋಗ್ಯಾಸ್ ಘಟಕಗಳ ಅನುಭವವೂ ಇದಕ್ಕಿಂತ ಬೇರೆಯಲ್ಲ. ವಾರ್ಡುಗಳಲ್ಲಿ ಐದು ಟನ್ ಸಾಮರ್ಥ್ಯದ ಸಣ್ಣ ಬಯೋಮೀಥೇನ್ ಘಟಕಗಳನ್ನು ಬೆಂಗಳೂರು ಬಹಳ ಹಿಂದೆಯೇ ಕಟ್ಟಿತು, ಅವುಗಳಿಂದ ಬೀದಿದೀಪ ಉರಿಯುತ್ತದೆ ಎಂಬ ಆಸೆಯೂ ಇತ್ತು. ಹಲವು ಘಟಕಗಳು ಕೆಟ್ಟು ನಿಂತವು. ಈ ಯಂತ್ರದೊಳಗಿನ ಸೂಕ್ಷ್ಮಜೀವಿಗಳಿಗೆ ಮರಳು, ಚಮಚ, ಪ್ಲಾಸ್ಟಿಕ್, ನೂಲು ಯಾವುದೂ ಬೇಡ. ಒಂದು ವಾರ ಕಸ ಬರದಿದ್ದರೂ ಅವು ಸೊರಗುತ್ತವೆ. ಅದಕ್ಕೆ ಬೇಕಾದದ್ದು ದಿನವೂ ಒಂದೇ ಗುಣಮಟ್ಟದ ಹಸಿ ಕಸ ಮತ್ತು ಅದನ್ನು ಬಲ್ಲ ಒಬ್ಬ ಕೆಲಸಗಾರ. ಇಂದೋರ್ ನಗರ 2022ರ ಫೆಬ್ರವರಿಯಲ್ಲಿ ದಿನಕ್ಕೆ 550 ಟನ್ ಹಸಿ ಕಸದಿಂದ ಸುಮಾರು 17,000 ಕೆಜಿ ಸಿಎನ್‌ಜಿ ತಯಾರಿಸುವ ಘಟಕವನ್ನು ಆರಂಭಿಸಿದಾಗ ನಮ್ಮವರು ಆ ಯಂತ್ರವನ್ನು ನೋಡಲು ಹೋಗಿ ಬಂದರು. ನೋಡಬೇಕಾದದ್ದು ಯಂತ್ರಕ್ಕಿಂತ ಹೆಚ್ಚಾಗಿ ಅದಕ್ಕೂ ಮುಂಚಿನ ಐದು ವರ್ಷಗಳನ್ನು. ಅಲ್ಲಿನ ಪಾಲಿಕೆ ಮೊದಲು ಮನೆಮನೆಯ ಸಂಗ್ರಹವನ್ನು ಬೇರೆ ಬೇರೆ ಅಂಕಣಗಳಿರುವ ಗಾಡಿಗಳಿಂದ ಹಿಡಿತಕ್ಕೆ ತಂದು, ನಂತರ ಹಳೆಯ ದೇವಗುರಾಡಿಯಾ ಕಸದ ಗುಡ್ಡವನ್ನು ಜರಡಿ ಹಿಡಿದು ಕರಗಿಸಿ, ಕೊನೆಗೆ ಘಟಕ ಕಟ್ಟಿತು. ಕ್ರಮ ತಿರುಗುಮುರುಗಾಗಿದ್ದರೆ ಅದೂ ನಮ್ಮ ಐದು ಟನ್ ಘಟಕಗಳ ದಾರಿ ಹಿಡಿಯುತ್ತಿತ್ತು.

ಗೊಬ್ಬರ ತಯಾರಾದರೆ ಕೆಲಸ ಮುಗಿಯಿತೇ? ಬೆಂಗಳೂರಿನ ಸುತ್ತಲಿನ ರೈತರು ಒಂದು ಕಾಲದಲ್ಲಿ ನಗರದ ಕಸವನ್ನು ತಾವೇ ಬಂದು ಒಯ್ದು ತಿಪ್ಪೆಗೆ ಸುರಿದುಕೊಳ್ಳುತ್ತಿದ್ದರು. ಅವರು ಅದನ್ನು ನಿಲ್ಲಿಸಿದ್ದು ಪ್ಲಾಸ್ಟಿಕ್ ಕವರ್ ಬಂದ ಮೇಲೆ, ಗದ್ದೆಯಲ್ಲಿ ಗಾಜು ಕಾಲಿಗೆ ಚುಚ್ಚತೊಡಗಿದ ಮೇಲೆ. ರಸಗೊಬ್ಬರ ನಿಯಂತ್ರಣ ಆದೇಶ ನಗರ ಗೊಬ್ಬರಕ್ಕೆ ಮಾನದಂಡಗಳನ್ನು ವಿಧಿಸಿದೆ: ಒಂದು ಕೆಜಿಯಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರುವಂತಿಲ್ಲ. ಬೆರಕೆ ಕಸದ ಗೊಬ್ಬರ ಈ ಗೆರೆಯನ್ನು ದಾಟುವುದು ಸುಲಭ, ಏಕೆಂದರೆ ಒಂದು ಬ್ಯಾಟರಿ, ಒಂದು ಬಣ್ಣದ ಡಬ್ಬಿ ಸಾಕು. ಬೆಲೆಯ ತೊಡಕು ಇನ್ನೊಂದು. ಸಾಗಣೆ ಖರ್ಚು ಸೇರಿದರೆ ನಗರ ಗೊಬ್ಬರ ರೈತನಿಗೆ ಸಬ್ಸಿಡಿಯ ಯೂರಿಯಾದ ಮುಂದೆ ದುಬಾರಿ; ಸಾರಜನಕದ ಲೆಕ್ಕದಲ್ಲಿ ಅದು ಸ್ಪರ್ಧಿಸಲಾರದು, ಮಣ್ಣಿನ ಇಂಗಾಲದ ಲೆಕ್ಕದಲ್ಲಿ ಸ್ಪರ್ಧಿಸಬಲ್ಲದು, ಆದರೆ ಆ ಲೆಕ್ಕವನ್ನು ಯಾರೂ ರೈತನಿಗೆ ಹಣವಾಗಿ ಕೊಡುವುದಿಲ್ಲ. ಕೇಂದ್ರ 2016ರಲ್ಲಿ ಟನ್ನಿಗೆ 1,500 ರೂಪಾಯಿಯ ಮಾರುಕಟ್ಟೆ ನೆರವನ್ನು ಘೋಷಿಸಿ, ರಸಗೊಬ್ಬರ ಕಂಪನಿಗಳು ತಮ್ಮ ಮೂಟೆಗಳ ಜೊತೆಗೆ ನಗರ ಗೊಬ್ಬರವನ್ನೂ ಮಾರಬೇಕೆಂದಿತು. ಚಿಲ್ಲರೆ ಅಂಗಡಿಯಲ್ಲಿ ಅದು ಒತ್ತಾಯದ ಮಾಲಾಗಿ ಉಳಿಯಿತು. ಮಾರಾಟವಾಗದ ಗೊಬ್ಬರ ಘಟಕದಲ್ಲೇ ರಾಶಿ ಬಿದ್ದಾಗ ಹೊಸ ಕಸ ಇಳಿಸಲು ಜಾಗವಿರುವುದಿಲ್ಲ, ಆ ದಿನದ ಲಾರಿ ಮಿಟ್ಟಗಾನಹಳ್ಳಿಯತ್ತ ತಿರುಗುತ್ತದೆ. ರಾಗಿ ಬೆಳೆಯುವ ಹೊಲದ ಬೇಡಿಕೆಗೂ ಬೆಂಗಳೂರಿನ ಅಡುಗೆಮನೆಯ ಡಬ್ಬಿಗೂ ಹೀಗೆ ನೇರ ಸಂಬಂಧವಿದೆ.

ಬೇರೆಡೆ ಇದನ್ನು ಹೇಗೆ ಬಿಡಿಸಿದ್ದಾರೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ದಕ್ಷಿಣ ಕೊರಿಯಾ 2005ರಿಂದ ಆಹಾರ ತ್ಯಾಜ್ಯವನ್ನು ನೇರವಾಗಿ ಭೂಭರ್ತಿಗೆ ಹಾಕುವುದನ್ನೇ ನಿಷೇಧಿಸಿ, 2013ರಿಂದ ಎಸೆದಷ್ಟಕ್ಕೆ ಶುಲ್ಕ ವಸೂಲಿ ಮಾಡುತ್ತಿದೆ. ಸೋಲ್‌ನ ಹಲವು ವಸತಿ ಸಮುಚ್ಚಯಗಳಲ್ಲಿ ಕಾರ್ಡ್ ತೋರಿಸಿದ ಮೇಲೆಯೇ ಡಬ್ಬಿಯ ಮುಚ್ಚಳ ತೆರೆದು ತೂಕ ಹಾಕುತ್ತದೆ. ಇಟಲಿಯ ಮಿಲಾನ್ 2012ರ ನವೆಂಬರ್‌ನಿಂದ 2014ರ ಮಧ್ಯದೊಳಗೆ ಇಡೀ ನಗರವನ್ನು ನಾಲ್ಕು ಭಾಗಗಳಾಗಿ ಹಂತ ಹಂತವಾಗಿ ಸೇರಿಸಿಕೊಂಡಿತು. ಪ್ರತಿ ಮನೆಗೆ ಗಾಳಿಯಾಡುವ ಪುಟ್ಟ ಡಬ್ಬಿ ಕೊಟ್ಟು, ಕೊಳೆಯುವ ಚೀಲ ಬಳಸುವ ರೂಢಿ ಮಾಡಿಸಿ, ಬೆರಕೆಯ ಪ್ರಮಾಣವನ್ನು ಅಳೆಯುತ್ತ ಮುಂದುವರಿಯಿತು. ಸೋಲ್‌ನ ತೂಕದ ಯಂತ್ರ ನಮ್ಮ ಬೀದಿಗಳಿಗೆ ಹೊಂದದು. ಶುಲ್ಕ ತಪ್ಪಿಸಿಕೊಳ್ಳಲು ಕಸ ಖಾಲಿ ಸೈಟಿಗೆ ಹೋದೀತು. ಆದರೆ ಮಿಲಾನ್‌ನ ಹಂತಕ್ರಮ ಹೊಂದುತ್ತದೆ. ಒಂದು ಭಾಗ ಪಳಗುವವರೆಗೆ ಮುಂದಿನದಕ್ಕೆ ಕೈ ಹಾಕದಿರುವ ತಾಳ್ಮೆ ನಮ್ಮಲ್ಲಿ ಇದುವರೆಗೆ ಕಂಡಿಲ್ಲ. ಇಡೀ ನಗರಕ್ಕೆ ಒಂದೇ ದಿನ ಆದೇಶ ಹೊರಡಿಸುವುದೇ ನಮ್ಮ ಪದ್ಧತಿ.

ಶುಲ್ಕದ ಮಾತು ಬಂದಿತು. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆಗೆ ಕಸದ ಬಳಕೆದಾರ ಶುಲ್ಕ ಜಾರಿಗೆ ಬಂದಿದೆ. ಮನೆಗಳಿಗೆ ಕಟ್ಟಡದ ವಿಸ್ತೀರ್ಣ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ವಸೂಲಿ ಸುಲಭ, ಅದು ಸರಿ. ಆದರೆ ವಿಸ್ತೀರ್ಣ ಮನೆಯ ಅಳತೆಯೇ ಹೊರತು ಕಸದ ಅಳತೆಯಲ್ಲ. ಚಾಚೂ ತಪ್ಪದೆ ವಿಂಗಡಿಸುವ ಮನೆಯೂ, ವರ್ಷವಿಡೀ ಬೆರಕೆ ಕವರ್ ಎಸೆಯುವ ಪಕ್ಕದ ಮನೆಯೂ ಒಂದೇ ಮೊತ್ತ ಕಟ್ಟುತ್ತವೆ. ಮನೆಮನೆಗೆ ತೂಕ ಹಾಕುವುದು ಅಸಾಧ್ಯವಾದರೆ ಬೀದಿಗೆ ಅಥವಾ ಒಂದು ಆಟೊದ ಹಾದಿಗೆ ಅಂಕ ಕೊಡಬಹುದು: ಆ ಹಾದಿಯ ಗಾಡಿ ಘಟಕದ ಗೇಟಿನಲ್ಲಿ ಶುದ್ಧವಾಗಿ ಬಂದರೆ ಅಲ್ಲಿನ ಮನೆಗಳಿಗೂ ಚಾಲಕ, ಸಹಾಯಕರಿಗೂ ಪಾಲು. ಈ ವ್ಯವಸ್ಥೆಗೆ ಬೇಕಾದದ್ದು ಗಾಡಿ ತೂಗುವ ಒಂದು ವೇಬ್ರಿಡ್ಜ್, ಜರಡಿ ಹಿಡಿದು ನೋಡುವ ಒಬ್ಬ ವ್ಯಕ್ತಿ, ಮತ್ತು ಬರೆದದ್ದನ್ನು ಪ್ರಕಟಿಸುವ ಮನಸ್ಸು.

ಕಸ ಮನೆ ದಾಟದಂತೆಯೇ ನೋಡಿಕೊಳ್ಳುವ ದಾರಿಯೂ ಇದೆ. ದಿನಕ್ಕೆ 100 ಕೆಜಿಗಿಂತ ಹೆಚ್ಚು ಕಸ ಹುಟ್ಟಿಸುವ ಅಪಾರ್ಟ್‌ಮೆಂಟ್, ಹೋಟೆಲ್, ಕಲ್ಯಾಣಮಂಟಪಗಳು ತಮ್ಮ ಹಸಿ ಕಸವನ್ನು ತಾವೇ ನೋಡಿಕೊಳ್ಳಬೇಕೆಂದು ನಿಯಮ ಹೇಳುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಕಾಂಪೋಸ್ಟ್ ಕೋಣೆಗಳಿವೆ, ಕೆಲವು ಚೆನ್ನಾಗಿ ನಡೆಯುತ್ತವೆ, ಕೆಲವು ಆಕ್ಯುಪೆನ್ಸಿ ಪ್ರಮಾಣಪತ್ರಕ್ಕಾಗಿ ಕೊಂಡ ಯಂತ್ರವನ್ನು ಧೂಳು ಹಿಡಿಸಿಕೊಂಡು ನಿಂತಿವೆ. ಹೋಟೆಲುಗಳ ಉಳಿಕೆಯ ಒಂದು ಭಾಗ ನಗರದಂಚಿನ ಹಂದಿ ಸಾಕಣೆಗೆ ಹೋಗುತ್ತದೆ. ಸರ್ಕಾರಿ ಲೆಕ್ಕದಲ್ಲಿ ಅದು ಎಲ್ಲೂ ಕಾಣುವುದಿಲ್ಲ, ಆದರೆ ಲ್ಯಾಂಡ್‌ಫಿಲ್‌ಗೆ ಹೋಗದ ಕಸವೆಂದರೆ ಅದೂ ಹೌದು. ಟೆರೇಸಿನ ಮಡಕೆಯಲ್ಲಿ ಗೊಬ್ಬರ ಮಾಡುವ ಮನೆಗಳು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ, ಅವರ ಉತ್ಸಾಹ ದೊಡ್ಡದು. ಮೈಸೂರಿನಲ್ಲಿ ಕುಂಬಾರಕೊಪ್ಪಲಿನ ಶೂನ್ಯತ್ಯಾಜ್ಯ ಘಟಕ ಬಡಾವಣೆ ಮಟ್ಟದ ಕೆಲಸ ಸಾಧ್ಯವೆಂದು ಬಹಳ ಮೊದಲೇ ತೋರಿಸಿದೆ. ಆದರೂ ದಿನಕ್ಕೆ ಸಾವಿರಾರು ಟನ್ ಕಸದ ಮುಂದೆ ಇದನ್ನೇ ಮುಖ್ಯ ಪರಿಹಾರವೆಂದು ಹಿಡಿಯುವುದು ಪಾಲಿಕೆಗಳು ತಮ್ಮ ಹೊಣೆಯಿಂದ ನುಣುಚಿಕೊಳ್ಳಲು ನೆಪವಾಗಬಾರದು. ಹತ್ತು ಅಡಿ ಅಗಲದ ಬಾಡಿಗೆ ಮನೆಯಲ್ಲಿ ಮಡಕೆ ಇಡಲು ಟೆರೇಸು ಎಲ್ಲಿದೆ?

ಹಸಿ ಕಸ ಬೇರೆಯಾದರೆ ಉಳಿದ ಕಸದ ಕಥೆಯೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿರುವ, ದಿನಕ್ಕೆ 600 ಟನ್ ಕಸ ಉರಿಸಿ 11.5 ಮೆಗಾವ್ಯಾಟ್ ವಿದ್ಯುತ್ ತಯಾರಿಸಬೇಕಾದ ಘಟಕಕ್ಕೆ ಒದ್ದೆ ಕಸ ಇಂಧನವಲ್ಲ, ಹೊರೆ. ನೀರನ್ನು ಆವಿ ಮಾಡುವುದಕ್ಕೇ ಶಾಖ ವ್ಯಯವಾದರೆ ವಿದ್ಯುತ್ತಿಗೆ ಏನು ಉಳಿದೀತು?

ಈಗಿನ ಗಳಿಗೆ ಮುಖ್ಯವೆನಿಸುವುದು ಎರಡು ಕಾರಣಗಳಿಗೆ. 2016ರ ನಿಯಮಗಳ ಜಾಗದಲ್ಲಿ ಕೇಂದ್ರ ತಂದಿರುವ 2026ರ ಘನತ್ಯಾಜ್ಯ ನಿಯಮಗಳ ಜಾರಿ ದಿನ 2026ರ ಏಪ್ರಿಲ್ 1. ಅವು ಮನೆಯಲ್ಲೇ ನಾಲ್ಕು ವಿಂಗಡಣೆ ಕೇಳುತ್ತವೆ, ಅಂದರೆ ಹಸಿ, ಒಣ, ಸ್ಯಾನಿಟರಿ, ವಿಶೇಷ ಎಚ್ಚರ ಬೇಕಾದ ಕಸ. ಇತ್ತ ಬೆಂಗಳೂರಿನಲ್ಲಿ ಹಳೆಯ ಬೃಹತ್ ಪಾಲಿಕೆ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಕಸಕ್ಕೆಂದೇ 2021ರಲ್ಲಿ ಹುಟ್ಟಿದ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಸರ್ಕಾರಿ ಕಂಪನಿಯೂ ಇದೆ. ಒಂದು ಪಾಲಿಕೆಯ ಕಸ ಇನ್ನೊಂದರ ಘಟಕದಲ್ಲಿ ಇಳಿಯುವಾಗ ವಾಸನೆಯ ಹೊಣೆ ಯಾರದು ಎಂಬ ಪ್ರಶ್ನೆ ಇದುವರೆಗೆ ಊರು ಮತ್ತು ನಗರದ ನಡುವೆ ಇತ್ತು, ಇನ್ನು ಅದು ಪಾಲಿಕೆ ಪಾಲಿಕೆಗಳ ನಡುವೆಯೂ ಬರಲಿದೆ. ಉತ್ತರದ ಕ್ವಾರಿಗಳೇ ಎಲ್ಲರ ಕಸ ಹೊರಬೇಕೆಂದು ಐದರಲ್ಲಿ ಒಂದು ಪಾಲಿಕೆಯ ಜನ ಎಷ್ಟು ದಿನ ಒಪ್ಪಿಯಾರು?

ಆದ್ದರಿಂದ ಹೊಸ ಸಂಗ್ರಹ ಗುತ್ತಿಗೆಗಳು ಬಂದಾಗ ಎಷ್ಟು ಹೊಸ ಆಟೊಗಳು, ಎಷ್ಟು ಕೋಟಿ ಎಂಬುದಕ್ಕಿಂತ ಕರಾರಿನ ಒಂದೆರಡು ಷರತ್ತುಗಳನ್ನು ಓದುವುದು ಹೆಚ್ಚು ಪ್ರಯೋಜನಕಾರಿ. ಹಣ ಸಂದಾಯಕ್ಕೆ ಆಧಾರವಾಗುವ ತೂಕವನ್ನು ಕ್ವಾರಿಯ ಗೇಟಿನಲ್ಲಿ ಅಳೆಯುತ್ತಾರೆಯೇ, ಗೊಬ್ಬರ ಘಟಕದ ಗೇಟಿನಲ್ಲಿ ಅಳೆಯುತ್ತಾರೆಯೇ? ಬೆರಕೆ ಇಷ್ಟು ಶೇಕಡಾ ಮೀರಿದರೆ ಗಾಡಿಯನ್ನು ವಾಪಸ್ ಕಳಿಸುವ ಅಧಿಕಾರ ಘಟಕದವರಿಗೆ ಇದೆಯೇ, ವಾಪಸಾದ ಗಾಡಿಯ ಖರ್ಚನ್ನು ಯಾರು ಭರಿಸುತ್ತಾರೆ? ಹಸಿ ಕಸದ ಗಾಡಿಗೆ ಅದುಮುವ ಯಂತ್ರ ಕಡ್ಡಾಯವೋ, ಅದರ ಬಳಕೆಗೆ ನಿಷೇಧವೋ? ಘಟಕದ ಸುತ್ತ ಹೊಸ ಬಡಾವಣೆಗೆ ಅನುಮತಿ ಕೊಡದ ಖಾಲಿ ವಲಯವನ್ನು ನಗರ ಯೋಜನೆಯ ನಕ್ಷೆಯಲ್ಲಿ ಗುರುತಿಸಿದ್ದಾರೆಯೇ? ಕೂಡ್ಲುವಿನ ಘಟಕಕ್ಕೆ ಇಂಥ ವಲಯ ಇರಲಿಲ್ಲ. ಚಿಕ್ಕನಾಗಮಂಗಲದ ಸುತ್ತ ಈಗಲೂ ಅಪಾರ್ಟ್‌ಮೆಂಟ್‌ಗಳು ಏಳುತ್ತಿವೆ.